ಆ ‘ಒಕ್ಕೊರಲು’ ಯಾರ ಕೊರಳು? ಕಂಪನಿ ಕೈಗೆ ಹೋದ ಕೊಡಗು

ಒಂದು ಕಾಗದದಿಂದ ಶುರು ಮಾಡುತ್ತೇನೆ. 1834ರ ಮೇ 7ರಂದು ಮಡಿಕೇರಿಯ ಬಿಡಾರದಿಂದ ಒಂದು ಘೋಷಣೆ ಹೊರಟಿತು. ಸಹಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಫ್ರೇಸರನದು. ಉದ್ದದ ಕಾಗದವೇನಲ್ಲ, ನಾಲ್ಕು ಮಾತು. ಕೊಡಗಿನ ಜನರೆಲ್ಲ ಒಕ್ಕೊರಲಿನಿಂದ ಬಯಸಿದ್ದಾರೆ, ಅದಕ್ಕೇ ಈ ಸೀಮೆಯನ್ನು ಕಂಪನಿ ಸರ್ಕಾರ ವಹಿಸಿಕೊಳ್ಳುತ್ತಿದೆ. ಇನ್ನು ಮೇಲೆ ನಿಮ್ಮನ್ನು ದೇಶೀ ರಾಜರ ಕೈಗೆ ಕೊಡುವುದಿಲ್ಲ. ನಿಮ್ಮ ಹಕ್ಕು, ದೇವರು ದಿಂಡರು, ನಡೆದುಬಂದ ಪದ್ಧತಿ ಯಾವುದಕ್ಕೂ ಕೈ ಹಾಕುವುದಿಲ್ಲ. ನೀವು ಸುಖವಾಗಿರಬೇಕು, ನಮಗೆ ಅದೇ ಆಸೆ.

ಗಮನಿಸಿ, ಇದು ಬರೆದದ್ದು ಯುದ್ಧ ಮುಗಿದು ಒಂದು ತಿಂಗಳಿಗೆ. ನಾಲ್ಕು ದಿಕ್ಕಿನಿಂದ ಸೈನ್ಯ ತಂದು, ಘಾಟಿಗಳಲ್ಲಿ ಗುಂಡು ಹಾರಿಸಿ, ಊರು ಹಿಡಿದ ಮೇಲೆ, ‘ನೀವೇ ಕರೆದಿರಲ್ಲ’ ಅಂದ ಹಾಗೆ. ಇವತ್ತು ನಾನು ಮಾಡಬೇಕು ಅಂದುಕೊಂಡಿರುವುದು ಇಷ್ಟೇ. ಆ ಒಕ್ಕೊರಲು ಯಾರ ಕೊರಳು ಅಂತ ಸ್ವಲ್ಪ ಹುಡುಕೋಣ.

ಅದಕ್ಕೆ ಮೊದಲು ಕೊಡಗನ್ನು ಆಳಿದ ಹಾಲೇರಿ ರಾಜರ ಬಗ್ಗೆ ಎರಡು ಮಾತು. ಜಾಸ್ತಿ ಬೇಡ, ಅವರದ್ದೇ ಒಂದು ದಿನದ ಕಥೆ ಆಗುತ್ತದೆ. ಇವರು ಲಿಂಗಾಯತರು. ಆಳಿದ್ದು ಕೊಡವರು, ಗೌಡರು ಮತ್ತೆ ಹತ್ತಾರು ಸಮುದಾಯಗಳಿದ್ದ ಮಲೆನಾಡನ್ನು. ಮುದ್ದುರಾಜ 1681ರಲ್ಲಿ ಮಡಿಕೇರಿಯನ್ನು ರಾಜಧಾನಿ ಮಾಡಿದ. ಮನೆಯಲ್ಲಿ ಯಾರು ಯಾವ ಮಾತು ಆಡಲಿ, ಅರಮನೆ ಕಾಗದ ಪತ್ರ ಎಲ್ಲ ಕನ್ನಡದಲ್ಲಿ. ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿದ್ದವನು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದ. ಎರಡು ವರ್ಷಕ್ಕೆ ಕಂಪನಿ ಜೊತೆ ಕೈ ಜೋಡಿಸಿದ. ಕಣ್ಣೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟ ಇಂಗ್ಲಿಷ್ ಸೈನ್ಯಕ್ಕೆ ದಾರಿ ಬಿಟ್ಟ, ಅಕ್ಕಿ ಕೊಟ್ಟ, ದನ ಕೊಟ್ಟ. ಅಂದರೆ ಕೊಡಗು ಕಂಪನಿಗೆ ಸೋತ ರಾಜ್ಯ ಆಗಿರಲಿಲ್ಲ, ಸ್ನೇಹಿತ ರಾಜ್ಯ. ಸ್ನೇಹದ ಸಾಲ ಎಷ್ಟು ವರ್ಷ ನೆನಪಿನಲ್ಲಿರುತ್ತದೆ ಹೇಳಿ? ಟಿಪ್ಪು 1799ರಲ್ಲಿ ಸತ್ತ. ಆಮೇಲೆ ಕಂಪನಿಗೆ ಮೈಸೂರಿನ ಪಕ್ಕದಲ್ಲಿ ಒಬ್ಬ ಸ್ನೇಹಿತ ಬೇಕೇ ಬೇಕು ಅಂತೇನೂ ಇರಲಿಲ್ಲ.

ಕೊನೆಯವನು ಚಿಕ್ಕ ವೀರರಾಜ. ನಮ್ಮಲ್ಲಿ ಜಾಸ್ತಿ ಜನರಿಗೆ ಇವನು ಗೊತ್ತಿರುವುದು ಕಾದಂಬರಿಯಿಂದ, ಅಲ್ವಾ? ಕ್ರೂರಿ, ವಿಲಾಸಿ, ತಲೆಕೆಟ್ಟವನು. ಅವನು ಸ್ವಂತ ಮನೆತನದವರನ್ನೇ ಮುಗಿಸಿದ್ದು ಸುಳ್ಳಲ್ಲ, ನಾನು ಅವನ ವಕೀಲಿಕೆಗೆ ನಿಂತಿಲ್ಲ. ಆದರೆ ಅವನ ಬಗ್ಗೆ ನಮಗೆ ಸಿಗುವ ಬರಹದಲ್ಲಿ ಬಹುಪಾಲು ಅವನ ರಾಜ್ಯ ತೆಗೆದುಕೊಂಡವರದ್ದೇ. ಅಷ್ಟು ನೆನಪಿಟ್ಟುಕೊಂಡರೆ ಸಾಕು. 1832ರಲ್ಲಿ ಅವನ ತಂಗಿ ದೇವಮ್ಮಾಜಿ ಗಂಡನ ಜೊತೆ ಗಡಿ ದಾಟಿ ಮೈಸೂರಿನ ರೆಸಿಡೆಂಟನ, ಅಂದರೆ ಅಲ್ಲಿದ್ದ ಕಂಪನಿ ಪ್ರತಿನಿಧಿಯ, ಆಶ್ರಯಕ್ಕೆ ಹೋದಳು. ‘ನಮ್ಮವರನ್ನು ಕಳಿಸಿಕೊಡಿ’ ಅಂತ ಇವನು, ‘ಆಗಲ್ಲ’ ಅಂತ ಅವರು. ನೆಪ ಸಿಕ್ಕಿತು.

1834ರ ಏಪ್ರಿಲ್ ಮೊದಲ ವಾರ ಯುದ್ಧ. ಪಿರಿಯಾಪಟ್ಟಣದ ಕಡೆಯಿಂದ ಕರ್ನಲ್ ಲಿಂಡ್ಸೆಯ ದಂಡು ಸಲೀಸಾಗಿ ಬಂತು. ಉತ್ತರದಿಂದ ಬಂದವರು ಮಾತ್ರ ಸರಿಯಾಗಿ ಪೆಟ್ಟು ತಿಂದರು. ಅಲ್ಲಿ ಬೇಲಿಕೋಟೆ ಕಟ್ಟಿಕೊಂಡು ಕಾದಿದ್ದ ಕೊಡಗಿನವರ ಎದುರು ಒಬ್ಬ ಕರ್ನಲ್ಲೇ ಸತ್ತ. ರಾಜ ನಿಜವಾಗಿ ಕಾದಿದ್ದರೆ ಈ ಬೆಟ್ಟದಲ್ಲಿ ಅವರು ಎಷ್ಟು ದಿನ ಒದ್ದಾಡುತ್ತಿದ್ದರೋ! ಆದರೆ ಅವನು ರಾಜಿ ಆಗಬಹುದು ಅಂತ ಕಾದ. ಏಪ್ರಿಲ್ 6ಕ್ಕೆ ಮಡಿಕೇರಿ ಕೋಟೆಯ ಮೇಲೆ ಕಂಪನಿ ಬಾವುಟ. 10ಕ್ಕೆ ರಾಜ ಶರಣಾದ. ಆ ತಿಂಗಳು ಮುಗಿಯುವ ಮೊದಲೇ ರಾಣಿಯರ ಸಮೇತ ಅವನನ್ನು ಊರು ಬಿಡಿಸಿದರು. ಮೊದಲು ವೆಲ್ಲೂರು, ಆಮೇಲೆ ಕಾಶಿ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಕಾಶಿಯಲ್ಲಿದ್ದ ಈ ರಾಜ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಮಗಳಿಗೆ ಹನ್ನೊಂದರ ಆಸುಪಾಸು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ಹುಡುಗಿಗೆ ಕ್ರೈಸ್ತ ದೀಕ್ಷೆ ಆಯಿತು, ಹೆಸರು ವಿಕ್ಟೋರಿಯಾ ಗೌರಮ್ಮ ಅಂತಾಯಿತು. ಪಂಜಾಬಿನಿಂದ ಹಾಗೇ ಕಿತ್ತು ತಂದಿದ್ದ ಅಲ್ಲಿನ ರಾಜ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕು ಅಂತ ರಾಣಿಗೆ ಆಸೆ ಇತ್ತು, ಅದು ಕೂಡಿ ಬರಲಿಲ್ಲ. ಕೊನೆಗೆ ಒಬ್ಬ ಬ್ರಿಟಿಷ್ ಕರ್ನಲ್‌ನನ್ನು ಮದುವೆಯಾಗಿ, ಒಂದು ಹೆಣ್ಣು ಮಗು ಹೆತ್ತು, 1864ರಲ್ಲಿ ತೀರಿಕೊಂಡಳು. ಅಪ್ಪ ಹೋದದ್ದು ಮಗಳ ನೆಪದಲ್ಲಾದರೂ ಅವನಿಗೆ ಇನ್ನೊಂದು ಕೆಲಸ ಇತ್ತು. ದೊಡ್ಡ ವೀರರಾಜ ಕಂಪನಿಯ ಸಾಲಪತ್ರದಲ್ಲಿ ಹಾಕಿಟ್ಟಿದ್ದ ಹಣ ವಾಪಸ್ ಬೇಕು ಅಂತ ಅದೇ ಕಂಪನಿ ಮೇಲೆ ಲಂಡನ್ ಕೋರ್ಟಿನಲ್ಲಿ ಕೇಸು ಹಾಕಿದ. 1859ರಲ್ಲಿ ಸತ್ತ, ಅಲ್ಲೇ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣಾದ. ತೀರ್ಪು ಬಂದದ್ದು ಮರುವರ್ಷ. ಯುದ್ಧದಲ್ಲಿ ಸರ್ಕಾರ ವಶ ಮಾಡಿಕೊಂಡದ್ದನ್ನು ನಾವು ವಿಚಾರಿಸುವಂತಿಲ್ಲ ಅಂತ ಕೋರ್ಟು ಕೈ ತೊಳೆದುಕೊಂಡಿತು. ಹಾಲೇರಿ ಹಿರಿಯರ ಗದ್ದಿಗೆ, ಅಂದರೆ ಸಮಾಧಿ, ಮಡಿಕೇರಿಯಲ್ಲಿ ಇದೆ, ನೀವೆಲ್ಲ ನೋಡಿರುತ್ತೀರಿ. ಕೊನೆಯವನದ್ದು ಮಾತ್ರ ಅಲ್ಲಿಲ್ಲ.

ಸರಿ, ಘೋಷಣೆಗೆ ವಾಪಸ್ ಬರೋಣ. ಕೇಳಿದ್ದು ಯಾರನ್ನು? ಮಡಿಕೇರಿಯಲ್ಲಿ ಸೇರಿದ್ದ ದಿವಾನರನ್ನು, ನಾಡಿನ ಮುಖಂಡರನ್ನು. ರಾಜನ ದಿವಾನರಾಗಿದ್ದ ಅಪ್ಪಾರಂಡ ಬೋಪು, ಚೆಪ್ಪುಡಿರ ಪೊನ್ನಪ್ಪ ಇವರು ಕಂಪನಿಗೂ ದಿವಾನರಾಗಿಯೇ ಮುಂದುವರಿದರು. ನಾಡಿಗೆ ಪಾರುಪತ್ಯಗಾರ, ತಾಲೂಕಿಗೆ ಸುಬೇದಾರ, ಹಳ್ಳಿಗೆ ಪಟೇಲ, ಶಾನುಭೋಗ. ಎಲ್ಲ ಹಳೆಯದೇ. ಕಚೇರಿ ಭಾಷೆ ಕನ್ನಡವೇ. ಮೇಲೆ ಲೆಹಾರ್ಡಿ ಅಂತ ಒಬ್ಬ ಸೂಪರಿಂಟೆಂಡೆಂಟ್ ಬಂದು ಕೂತ, ಅಷ್ಟೇ. ಗುಡ್ಡಗಾಡು ಸೀಮೆ ಆಳಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಮನೆ ಹಳೆಯದು, ಆಳುಗಳು ಹಳಬರು, ಬೀಗದ ಕೈ ಒಂದು ಬದಲಾಯಿತು. ಮೇಲೆ ಕೂತವರಿಗೆ ಬದಲಾವಣೆ ಆದದ್ದೇ ಗೊತ್ತಾಗಲಿಲ್ಲ.

ಗೊತ್ತಾದದ್ದು ಘಾಟಿ ಇಳಿದ ಮೇಲೆ. ನಾನು ಸುಳ್ಯದ ಕಡೆಯವನು. ಆ ಕಾಲಕ್ಕೆ ಅಮರ ಸುಳ್ಯ, ಪಂಜ, ಪುತ್ತೂರು ಕಡೆಯ ಮಾಗಣೆಗಳೆಲ್ಲ, ಅಂದರೆ ಹಳ್ಳಿಗಳ ಗುಂಪುಗಳೆಲ್ಲ, ಕೊಡಗಿನ ರಾಜರದ್ದು. ಕಂಪನಿ ಅದನ್ನು ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ನಕ್ಷೆ ನೋಡಿದರೆ ಬುದ್ಧಿವಂತ ಕೆಲಸ, ಘಾಟಿ ಕೆಳಗಿನದ್ದು ಕೆಳಗೆ, ಮೇಲಿನದ್ದು ಮೇಲೆ. ಆದರೆ ರಾಜನ ಕಾಲದಲ್ಲಿ ತೆರಿಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿತ್ತು, ಕೆನರಾದಲ್ಲಿ ರೊಕ್ಕ ಎಣಿಸಬೇಕಿತ್ತು.

ಇದರಲ್ಲೇನು ಮಹಾ ಅನ್ನಿಸಬಹುದು. ಒಂದು ಅಕ್ಕಿ ಮುಡಿ ನೆನಪು ಮಾಡಿಕೊಳ್ಳಿ. ನನ್ನ ಅಜ್ಜ ಕಟ್ಟುವುದನ್ನು ನೋಡಿದ್ದೇನೆ. ಬೈಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗ ಸುತ್ತಿ ಸುತ್ತಿ, ಮರದ ಕೊಡತಿಯಲ್ಲಿ ಬಡಿದು ಬಡಿದು ಚೆಂಡಿನ ಹಾಗೆ ಮಾಡುತ್ತಿದ್ದರು. ಒಬ್ಬ ಎತ್ತಿ ಇನ್ನೊಬ್ಬನ ತಲೆ ಮೇಲೆ ಇಡಬೇಕು, ಅಷ್ಟು ಭಾರ. ಇಂತಿಷ್ಟು ಮುಡಿ ಸರ್ಕಾರಕ್ಕೆ ಅಂದರೆ ರೈತನಿಗೆ ಲೆಕ್ಕ ಗೊತ್ತು, ಹೊತ್ತುಕೊಂಡು ಹೋಗಿ ಹಾಕಿದರೆ ಮುಗಿಯಿತು. ಆದರೆ ರೊಕ್ಕ ಅಂದರೆ? ಕೊಯ್ಲು ಮುಗಿದ ತಕ್ಷಣ ಎಲ್ಲರೂ ಒಟ್ಟಿಗೆ ಮಾರಬೇಕು. ಎಲ್ಲರೂ ಒಟ್ಟಿಗೆ ಮಾರಿದರೆ ರೇಟು ಬೀಳುತ್ತದೆ. ಕೊಳ್ಳುವವನು ಪೇಟೆಯ ಒಬ್ಬಿಬ್ಬರು ವ್ಯಾಪಾರಿಗಳು, ಅವರು ಹೇಳಿದ್ದೇ ಬೆಲೆ. ಹತ್ತು ಮುಡಿ ಕೊಡುತ್ತಿದ್ದವನು ಅಷ್ಟೇ ತೆರಿಗೆಗೆ ಹದಿನೈದು ಮುಡಿ ಮಾರಬೇಕಾದರೆ ಅವನಿಗೆ ತೆರಿಗೆ ಏರಿದ ಹಾಗೇ ತಾನೇ? ಕಾಗದದಲ್ಲಿ ಒಂದು ಕಾಸೂ ಏರಿಲ್ಲ. ಸಾಲದ್ದಕ್ಕೆ ಉಪ್ಪು, ಹೊಗೆಸೊಪ್ಪಿನ ವ್ಯಾಪಾರವೂ ಸರ್ಕಾರದ ಹಿಡಿತದಲ್ಲಿ. ಎಲೆಯಡಿಕೆ ಬಾಯಿಗೆ ಹಾಕುವವನಿಗೂ ಕಂಪನಿ ಬಂದದ್ದು ಗೊತ್ತಾಯಿತು.

ಮೂರೇ ವರ್ಷ. 1837ರ ಮಾರ್ಚ್ ಕೊನೆಗೆ ಬೆಳ್ಳಾರೆಯ ಖಜಾನೆ ಬಿತ್ತು. ಕೆದಂಬಾಡಿ ರಾಮಯ್ಯ ಗೌಡರಂಥ ರೈತ ಮುಖಂಡರು ಮುಂದೆ. ಜೊತೆಗೆ ರಾಜವಂಶದವನು ಅಂತ ಹೇಳಿಕೊಂಡ ಕಲ್ಯಾಣಸ್ವಾಮಿ. ಹಾಗೆ ಆ ಹೆಸರು ಹೊತ್ತು ಬಂದದ್ದು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ ಅನ್ನುತ್ತಾರೆ. ‘ದೇಶೀ ರಾಜರ ಕೈಗೆ ಕೊಡುವುದಿಲ್ಲ’ ಅಂತ ಕಂಪನಿ ಯಾರಿಗೆ ಬರೆದುಕೊಟ್ಟಿತ್ತೋ ಅದೇ ಜನ ಒಬ್ಬ ರಾಜನನ್ನು ಹೊಸದಾಗಿ ಮಾಡಿಕೊಂಡೇ ಹೊರಟಿದ್ದರು! ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು. ಕಚೇರಿಗೆ ಬೆಂಕಿ, ಜೈಲಿನ ಬಾಗಿಲು ತೆರೆಯಿತು, ಬಾವುಟಗುಡ್ಡದಲ್ಲಿ ಬಾವುಟ. ಸಾಹೇಬರು ಹಡಗು ಹತ್ತಿ ಕಣ್ಣೂರಿಗೆ ಓಡಿದರು. ಹದಿಮೂರು ದಿನ ಮಂಗಳೂರಿನಲ್ಲಿ ಕಂಪನಿ ಇರಲಿಲ್ಲ. 1857ಕ್ಕೆ ಇಪ್ಪತ್ತು ವರ್ಷ ಮೊದಲಿನ ಮಾತು ಇದು.

ನಮ್ಮ ಊರಲ್ಲಿ ಅಜ್ಜಿಯಂದಿರು ಇದನ್ನು ‘ಕಲ್ಯಾಣಪ್ಪನ ಕಾಟುಕಾಯಿ’ ಅನ್ನುತ್ತಿದ್ದರು. ಕಾಟುಕಾಯಿ ಅಂದರೆ ಲೂಟಿ, ಪುಂಡಾಟ ಅಂತ. ಮಕ್ಕಳು ಗಲಾಟೆ ಮಾಡಿದರೆ ‘ಏನಿದು ಕಲ್ಯಾಣಪ್ಪನ ಕಾಟುಕಾಯಿ’ ಅಂತ ಬೈಗುಳ. ನಾನು ಅದನ್ನು ಕೇಳಿಯೇ ಬೆಳೆದವನು. ಕಾಲೇಜಿಗೆ ಬರುವವರೆಗೂ ಕಲ್ಯಾಣಪ್ಪ ಅಂದರೆ ಯಾರೋ ಕಳ್ಳ ಅಂದುಕೊಂಡಿದ್ದೆ. ಸೋತವರ ಹೆಸರು ಸೋತವರ ಮೊಮ್ಮಕ್ಕಳ ಬಾಯಲ್ಲೇ ಹೀಗಾಗುತ್ತದೆ ನೋಡಿ. ಈಗ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿದೆ, ಅದು 2022ರಲ್ಲಿ.

ಮೇಲೆ ಮಡಿಕೇರಿಯಲ್ಲಿ ಏನಾಯಿತು? ಅಲ್ಲಿಗೂ ಜನ ನುಗ್ಗಲು ನೋಡಿದರು, ಆಗಲಿಲ್ಲ. ದಿವಾನರು, ಅವರ ಹಿಂದಿದ್ದ ಕೊಡವ ಪಡೆ ಕಂಪನಿ ಪರ ನಿಂತವು. ಇದನ್ನು ‘ಕೊಡವರು ಆ ಕಡೆ, ಗೌಡರು ಈ ಕಡೆ’ ಅಂತ ಗೆರೆ ಎಳೆದು ಹೇಳುವವರು ಇದ್ದಾರೆ. ಅಷ್ಟು ಸಲೀಸಲ್ಲ, ಎರಡೂ ಕಡೆ ಎಲ್ಲ ತರದ ಜನ ಇದ್ದರು. ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನೇ ತೆಗೆದುಕೊಳ್ಳಿ. ಆ ಸುಬೇದಾರಿಕೆ ಹಳೆಯ ಆಡಳಿತದ ಮೆಟ್ಟಿಲೇ ಅಲ್ವಾ? ಆ ಮೆಟ್ಟಿಲಿನಲ್ಲಿದ್ದವರಲ್ಲೂ ಒಕ್ಕೊರಲು ಇರಲಿಲ್ಲ. ಅವರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಮುಂದೆ, ಮನೆಯವರ ಕಣ್ಣೆದುರೇ ಗಲ್ಲಿಗೆ ಹಾಕಿದರು.

ಅದೇ ವರ್ಷದ ಇನ್ನೊಂದು ವಸ್ತು ಇದೆ, ಪದಕ. ನಿಷ್ಠೆ ತೋರಿಸಿದವರಿಗೆ ಕಂಪನಿ ಚಿನ್ನದ್ದು, ಬೆಳ್ಳಿಯದ್ದು ಮಾಡಿಸಿ ಹಂಚಿತು. ಒಂದು ಬದಿಯಲ್ಲಿ ಕತ್ತಿ ಎತ್ತಿ ನಿಂತ ಕೊಡವ ಯೋಧ, ಸುತ್ತ ಕನ್ನಡ ಬರಹ. ಇನ್ನೊಂದು ಬದಿಯಲ್ಲಿ ಇಂಗ್ಲಿಷ್, ‘ಕೂರ್ಗ್, ಏಪ್ರಿಲ್ 1837’ ಅಂತ. ನನಗೆ ಈ ಪದಕದಲ್ಲಿ ಆ ಮುಂದಿನ ನೂರು ವರ್ಷ ಕಾಣಿಸುತ್ತದೆ. ಕಂಪನಿಗೆ ಒಂದು ಪಾಠ ಆಯಿತು. ಈ ಸೀಮೆಯಲ್ಲಿ ಯಾರನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು ಅನ್ನುವುದು.

ಇಟ್ಟುಕೊಂಡದ್ದು ಹೇಗೆ? ಜಮ್ಮಾ ಭೂಮಿ ಮುಟ್ಟಲಿಲ್ಲ. ಜಮ್ಮಾ ಅಂದರೆ ಜನ್ಮ, ಹುಟ್ಟಿನಿಂದ ಬಂದ ಹಿಡುವಳಿ. ಮಾಮೂಲಿ ಸಾಗು ಭೂಮಿಯ ಅರ್ಧದಷ್ಟು ಕಂದಾಯ. ಬದಲಿಗೆ ರಾಜ ಕರೆದಾಗ ಕೋವಿ ಹಿಡಿದು ಬರಬೇಕಿತ್ತು. ಒಕ್ಕದ, ಅಂದರೆ ಇಡೀ ಮನೆತನದ, ಹೆಸರಲ್ಲಿ ಇರುತ್ತಿತ್ತು, ಪಾಲು ಮಾಡುವಂತಿರಲಿಲ್ಲ, ಮಾರುವಂತಿರಲಿಲ್ಲ. ಕಂಪನಿ ಅದನ್ನು ಹಾಗೇ ಉಳಿಸಿಕೊಂಡಿತು. ರಾಜನ ಯುದ್ಧದ ಬದಲು ಮಡಿಕೇರಿಯ ಖಜಾನೆ, ಜೈಲಿನ ಕಾವಲು. ಆಮೇಲೆ ಕೋವಿ. 1857ರ ದಂಗೆ ಆದ ಮೇಲೆ ದೇಶದಲ್ಲೆಲ್ಲ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಒಂದು ಆದೇಶ ಹೊರಡಿಸಿ, ಈ ಪುಟ್ಟ ಯೋಧರ ನಾಡಿಗೆ ಆ ಕಾನೂನು ಅನ್ವಯಿಸುವುದಿಲ್ಲ ಅಂದ. ಮೊದಲು ಮಾಡಿದ ಸಹಾಯ ನೆನೆದು ಅಂತ ಕಾರಣವೂ ಅದರಲ್ಲೇ ಇದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಇವತ್ತಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂವು (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುವ ಮನೆಗಳಿಗೆ ಅದು ಹಿರಿಯರ ಆಯುಧ, ಕಾಗದದ ಕಡೆಯಿಂದ ನೋಡಿದರೆ ಕಬ್ಬನ್ನನ ಸಹಿ. ಎರಡೂ ನಿಜ.

ಭೂಮಿ ಉಳಿಸಿಕೊಟ್ಟರು ಅಂದೆ. ಪೂರ್ತಿ ಹಾಗೂ ಅಲ್ಲ. ಗದ್ದೆಯ ಪಕ್ಕ ಏರಿನಲ್ಲಿ ಬಾಣೆ ಅಂತ ಇರುತ್ತದಲ್ಲ, ಆ ಕಾಡು ಇದ್ದದ್ದು ದನ ಮೇಯಲು, ಸೌದೆಗೆ, ಗದ್ದೆಗೆ ಸೊಪ್ಪು ತರಲು. ಅದರಲ್ಲಿ ಯಾವಾಗ ಕಾಫಿ ಬಂತೋ ಆಗ ಪ್ರಶ್ನೆ ಎದ್ದಿತು. ಇದು ನಿಮ್ಮದೋ ಸರ್ಕಾರದ್ದೋ? ಗಿಡ ನಿಮ್ಮದು, ಮೇಲಿನ ಮರ ಯಾರದ್ದು? ಮರದ ಬೆಲೆ ಸರ್ಕಾರಕ್ಕೆ ಕಟ್ಟಿದರೆ ‘ರಿಡೀಮ್ಡ್’, ಕಟ್ಟದಿದ್ದರೆ ‘ಅನ್‌ರಿಡೀಮ್ಡ್’. ಕೊಡಗಿನಲ್ಲಿ ತೋಟ ಇರುವವರು ಇಲ್ಲಿ ಕೂತಿದ್ದರೆ ಈಗ ನಗುತ್ತಿದ್ದೀರಿ. ನಿಮ್ಮ ಬೀಟೆ ಮರ ಕಡಿಯಲು ಇವತ್ತಿಗೂ ಈ ಎರಡು ಇಂಗ್ಲಿಷ್ ಪದ ದಾಟಿಯೇ ಹೋಗಬೇಕು.

ಕಾಫಿ ಗಿಡ ಇಲ್ಲಿ ಮೊದಲೇ ಇತ್ತು, ಹಿತ್ತಿಲಲ್ಲಿ ಅಷ್ಟು ಇಷ್ಟು. ಇಂಗ್ಲಿಷರ ಮೊದಲ ತೋಟ 1854ರಲ್ಲಿ, ಮಡಿಕೇರಿ ಹತ್ತಿರ, ಫೌಲರ್ ಎಂಬುವನದ್ದು. ಆಮೇಲೆ ಹತ್ತು ಹದಿನೈದು ವರ್ಷ ಹುಚ್ಚು. ಕಾಡು ಪೂರ್ತಿ ಬೋಳಿಸಿ, ಬಿಸಿಲಿಗೇ ಗಿಡ ನೆಟ್ಟರು. ಕಾಂಡಕೊರಕ ಬಂತು. ಬಿಸಿಲಲ್ಲಿ ನಿಂತ ಗಿಡವೇ ಅದಕ್ಕೆ ಇಷ್ಟ. 1860ರ ದಶಕದ ಕೊನೆಗೆ ಎಷ್ಟೋ ತೋಟ ಒಣಗಿ ಹೋದವು. ಮರದ ನೆರಳು ಬಿಟ್ಟವರು ಬಚಾವಾದರು. ಈಗ ಪ್ಯಾಕೆಟ್ಟಿನ ಮೇಲೆ ‘ನೆರಳಿನ ಕಾಫಿ’ ಅಂತ ಹೆಮ್ಮೆಯಿಂದ ಬರೆಯುತ್ತೇವಲ್ಲ, ಅದು ಸಾಹೇಬರಿಗೆ ಒಂದು ಹುಳ ಕಲಿಸಿದ ಪಾಠ.

ಈ ತೋಟಗಳಲ್ಲಿ ದುಡಿದವರು ಯಾರು? ಘೋಷಣೆಯ ‘ಜನ’ರಲ್ಲಿ ಇವರ ಸುದ್ದಿಯೇ ಇಲ್ಲ. ಎರವ ಆದಿವಾಸಿಗಳು, ದಲಿತರು ರಾಜನ ಕಾಲದಲ್ಲಿ ಗದ್ದೆಯ ಜೊತೆ ಲೆಕ್ಕಕ್ಕೆ ಬರುವ ಆಳುಗಳು. 1843ರಲ್ಲಿ ಕಂಪನಿಯ ಕಾನೂನು ಗುಲಾಮಗಿರಿಗೆ ಮಾನ್ಯತೆ ತೆಗೆಯಿತು. ಒಳ್ಳೆಯದೇ, ಅದನ್ನು ಅಲ್ಲಗಳೆಯಬಾರದು. ಆದರೆ ತೋಟಕ್ಕೆ ಆಳು ಬೇಕಿತ್ತಲ್ಲ? ಮೇಸ್ತ್ರಿ ಬಂದ. ಮೈಸೂರು ಸೀಮೆಗೆ, ಮಲಬಾರಿಗೆ ಹೋಗಿ, ಮುಂಗಡ ಕೊಟ್ಟು, ಜನ ಕರೆದುಕೊಂಡು ಬರುವುದು ಅವನ ಕೆಲಸ. ಮುಂಗಡ ತೀರುವ ಮೊದಲು ಓಡಿಹೋದರೆ? 1859ರ ಕಾನೂನಿನಲ್ಲಿ ಅದು ಬರೀ ಸಾಲ ಅಲ್ಲ, ಜೈಲಿಗೆ ಹಾಕಬಹುದಾದ ಅಪರಾಧ. 1926ರಲ್ಲಿ ದೇಶದಲ್ಲಿ ಆ ಕಾನೂನು ರದ್ದಾಯಿತು. ಕೊಡಗಿಗೆ ಮಾತ್ರ ಅದೇ ವರ್ಷ ಬೇರೆ ಒಂದು ಕಾನೂನು ಮಾಡಿ ಇನ್ನೂ ಐದು ವರ್ಷ ಎಳೆದರು. ಪುಟ್ಟ ಪ್ರಾಂತ್ಯ ಇರುವುದರ ಅನುಕೂಲ ಇದು. ಯಾರೂ ತಿರುಗಿ ನೋಡುವುದಿಲ್ಲ.

ಪುಟ್ಟದು ಅಂದರೆ ಎಷ್ಟು? 1901ರ ಜನಗಣತಿಯಲ್ಲಿ 1,80,607 ಜನ. ಇಡೀ ಪ್ರಾಂತ್ಯ ಅಷ್ಟೇ. ಆಮೇಲೆ ಏರಬೇಕಲ್ವಾ? ಇಳಿಯಿತು. 1931ರಲ್ಲಿ 1,63,327. ಇದರಲ್ಲಿ ಮಲೇರಿಯಾದ ಪಾಲು ದೊಡ್ಡದು. ಮಲೆನಾಡಿನ ಚಳಿಜ್ವರ ಅಂದರೆ ಹಳಬರಿಗೆ ಗೊತ್ತು. 1941ರಲ್ಲಿ 1,68,726 ಇದ್ದದ್ದು ಸೊಳ್ಳೆ ಕೊಲ್ಲುವ ಡಿಡಿಟಿ ಬಂದ ಮೇಲೆ 1951ಕ್ಕೆ 2,29,405. ಹತ್ತೇ ವರ್ಷದಲ್ಲಿ ಅರವತ್ತು ಸಾವಿರ ಜಾಸ್ತಿ. ಘೋಷಣೆಯಲ್ಲಿ ಹೇಳಿದ್ದ ‘ಸುಖ’ ಅಂತ ಏನಾದರೂ ಇದ್ದರೆ, ಅದು ಬಡವರ ಮನೆಗೆ ಬಂದದ್ದು ಆ ಸಿಂಪಡಿಸುವ ಪಂಪಿನ ಜೊತೆಗೆ. ಆಗ ಘೋಷಣೆ ಮಾಡಿದವರು ಗಂಟು ಕಟ್ಟುತ್ತಿದ್ದರು.

ಇನ್ನು ಆಡಳಿತ. 1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟರು. ಕೊಡಗನ್ನು ಕೊಡಲಿಲ್ಲ. ಕೊಡಲು ಯಾರಿದ್ದರು? ಮೈಸೂರಿನ ರೆಸಿಡೆಂಟನೇ ಕೊಡಗಿನ ಚೀಫ್ ಕಮಿಷನರ್. ಅವನು ಇದ್ದದ್ದು ಬೆಂಗಳೂರಿನಲ್ಲಿ, ಈಗಿನ ರಾಜಭವನದಲ್ಲಿ. ಹೆಸರಿಗೆ ಬಂಗಾಳ, ಮದ್ರಾಸಿನ ಹಾಗೆ ಒಂದು ಪ್ರಾಂತ್ಯ. ಆದರೆ ಅದರ ಮುಖ್ಯಸ್ಥ ಊರಲ್ಲಿ ಇಲ್ಲ, ಬೇಸಿಗೆಗೆ ಬಂದರೆ ಬಂದ. ಮಡಿಕೇರಿಗೇ ಬೇರೆ ಚೀಫ್ ಕಮಿಷನರ್ ಬಂದದ್ದು 1940ರಲ್ಲಿ. ರೈಲಂತೂ ಬರಲೇ ಇಲ್ಲ, ಇವತ್ತಿಗೂ ಇಲ್ಲ.

1924ರಲ್ಲಿ ಒಂದು ಕೌನ್ಸಿಲ್ ಆಯಿತು. 20 ಜನ, ಅದರಲ್ಲಿ 15 ಮಂದಿ ಚುನಾಯಿತರು. ಇಷ್ಟು ಸಣ್ಣ ಸೀಮೆಗೆ ಅದು ದೊಡ್ಡದೇ. ಆದರೆ ವೋಟು ಜಮೀನು ಕಂದಾಯ ಇದ್ದವರಿಗೆ. ಅಲ್ಲಿಗೆ ಕೇಳಿದ್ದು ಮತ್ತೆ ಹಳೆಯ ಮನೆಗಳನ್ನೇ. ನ್ಯಾಯವಾಗಿ ಹೇಳಬೇಕು, ಆ ಮನೆಗಳ ಮಕ್ಕಳೇ ಚಳವಳಿಗೂ ಬಂದರು. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಕಥೆಗಾರ್ತಿ ಗೌರಮ್ಮ ‘ನಮ್ಮ ಮನೆಗೆ ಬರಲೇಬೇಕು’ ಅಂತ ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆ ತೆಗೆದುಕೊಟ್ಟರು. ಒಬ್ಬ ಗೌರಮ್ಮ ವಿಕ್ಟೋರಿಯಾ ಕೈಗೆ, ಇನ್ನೊಬ್ಬ ಗೌರಮ್ಮ ಗಾಂಧಿ ಕಡೆಗೆ. ಸುಮ್ನೆ ಹೇಳಿದೆ, ಇದಕ್ಕೆ ಅರ್ಥ ಹುಡುಕಬೇಡಿ.

1952ರಲ್ಲಿ ವಯಸ್ಸಿಗೆ ಬಂದ ಎಲ್ಲರಿಗೂ ವೋಟು ಬಂತು. ಕೊಡಗು ಆಗ ಪ್ರತ್ಯೇಕ ‘ಸಿ’ ದರ್ಜೆ ರಾಜ್ಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಸಣ್ಣ ರಾಜ್ಯ. ತೋಟದ ಆಳುಗಳ ಲೈನ್ ಮನೆಯ ಹೆಂಗಸಿಗೂ ಒಕ್ಕದ ಹಿರಿಮನೆಯಾದ ಐನ್‌ಮನೆಯ ಯಜಮಾನನಿಗೂ ಒಂದೊಂದೇ ವೋಟು. ಮೈಸೂರಿನ ಜೊತೆ ಸೇರಬೇಕೋ ಬೇಡವೋ ಅನ್ನುವುದೇ ದೊಡ್ಡ ಮಾತು. ಬೇಡ ಅಂದವರ ಗುರುತು ತಕ್ಕಡಿ. 24 ಸೀಟು. ಎಣಿಸಿದಾಗ ಕಾಂಗ್ರೆಸ್ಸಿಗೆ 15, ತಕ್ಕಡಿಗೆ 9. ಒಕ್ಕೊರಲೇನೂ ಅಲ್ಲ. ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ, ಅವರ ಜೊತೆ ಇನ್ನೊಬ್ಬರು ಮಂತ್ರಿ, ಇಬ್ಬರದ್ದೇ ಸಂಪುಟ. ನಾಲ್ಕು ವರ್ಷ ಹಾಗೆ ನಡೆಯಿತು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆ.

ತಕ್ಕಡಿಯವರು ಆಗ ಎತ್ತಿದ ತಕರಾರುಗಳಲ್ಲಿ ಕೆಲವು ಮಡಿಕೇರಿಯ ಹೋಟೆಲುಗಳಲ್ಲಿ ಈಗಲೂ ಕೇಳಿಸುತ್ತವೆ. ಅದನ್ನು ಇನ್ನೊಂದು ದಿನ ಮಾತಾಡೋಣ. ಹಿಂದೆ ಫ್ಲಾಸ್ಕ್ ಹಿಡಿದುಕೊಂಡು ನಿಂತಿರುವವರು ಆಗಿನಿಂದ ನನ್ನನ್ನೇ ನೋಡುತ್ತಿದ್ದಾರೆ. ಕಾಫಿ ಕುಡಿದು ಬನ್ನಿ, ಪ್ರಶ್ನೆ ಆಮೇಲೆ ಕೇಳಿ.